ಮಂಗಳವಾರ, ಗುರುವಾರ, ಶನಿವಾರ

ಸಿಟಿ ಬಸ್ಸಿನ ಕಂಡಕ್ಟರ್ ಜಯಶೀಲಾ ಒಂದು ಕಾಲಕ್ಕೆ ಬಾಯಿಗೆ ಹೆಸರಾದವಳು. ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ ಹೋಗಿಬರುವ ಬಸ್ಸಿನಲ್ಲಿ, ಬೆಳಗ್ಗೆ ಬೆಳಗ್ಗೆಯೇ ಐನೂರರ ನೋಟು ಚಾಚುವವರಿಗೂ, ಹೆಂಗಸರ ಸೀಟಿನಲ್ಲಿ ಕೂತು ನಿದ್ದೆ ನಟಿಸುವ ಗಂಡಸರಿಗೂ ಅವಳು ಮಾಡುತ್ತಿದ್ದ ಮಂಗಳಾರತಿ ಕೊನೆಯ ಸೀಟಿನವರೆಗೂ ಕೇಳಿಸುತ್ತಿತ್ತು. ಅಂಥವಳು ಈಗ ಯಾರಿಗೂ ಒಂದು ಮಾತು ಅನ್ನುವುದಿಲ್ಲ. ದಿನಾ ಓಡಾಡುವವರು, "ಪಾಪ, ಗಂಡ ಹೋದ್ಮೇಲೆ ತುಂಬ ಒಳ್ಳೆಯವ್ರಾಗ್ಬಿಟ್ರು" ಎಂದು ಮಾತಾಡಿಕೊಂಡರು. ಒಳ್ಳೆಯತನಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಬೈಯುವುದಕ್ಕೆ ಬೇಕಾದ ಬಿಸಿ ಒಳಗೆ ಉಳಿದಿರಲಿಲ್ಲ, ಅಷ್ಟೇ.

ಅದು ಆರಿದ್ದು ಕೊರೊನಾದ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ. ಗಂಡ ಅಮೃತರಾಜ್ ಸಿದ್ದಾಪುರದ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದ. ನಾಲ್ಕು ದಿನ ಜ್ವರ ಬಂತು. ಐದನೆಯ ದಿನ ಉಸಿರು ಸಿಗದಾಯಿತು. ಆಂಬುಲೆನ್ಸಿನವರು ಅವನೊಬ್ಬನನ್ನೇ ಹತ್ತಿಸಿಕೊಂಡು, ನೀವು ಹಿಂದೆ ಬನ್ನಿ ಎಂದು ಹೇಳಿ ಹೋದರು. ಒಂಬತ್ತು ವರ್ಷದ ಮಗಳು ಶರೋನ್‌ಳನ್ನು ಎಲ್ಲಿ ಬಿಡುವುದು? ಜಯಶೀಲಾಗೆ ಹೊಳೆದದ್ದು ಅರೆಕೆರೆಯಲ್ಲಿದ್ದ ಒಡಹುಟ್ಟಿದ ಅಕ್ಕ, ಕೃಪಾವತಿ. ಸ್ವಂತ ಮನೆ, ಮೇಲಿನ ಅಂತಸ್ತು ಖಾಲಿ. ತಾಯಿಮಗಳಿಬ್ಬರಿಗೂ ಟೆಸ್ಟ್ ನೆಗೆಟಿವ್ ಬಂದಿತ್ತು. ಆ ಮೆಸೇಜನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡೇ, ಗೋಗರೆದು ಹಿಡಿದ ಆಟೋದಲ್ಲಿ ಅರೆಕೆರೆಗೆ ಹೋದಳು.

ಗೇಟಿಗೆ ಒಳಗಿನಿಂದ ಬೀಗ ಹಾಕಿತ್ತು. ಫೋನ್ ಮಾಡಿದಳು.

"ಅಕ್ಕ, ಗೇಟ್ ಹತ್ರಾನೇ ಇದೀನಿ. ಶರೋನ್‌ನ ಎರಡು ದಿನ ಇಟ್ಕೋ ಸಾಕು. ನಾನು ಒಳಗೂ ಬರಲ್ಲ."

"ಬೇಡ ಶೀಲಾ," ಎಂದಳು ಕೃಪಾವತಿ. "ನಿಮ್ಮ ಭಾವಂಗೆ ಶುಗರ್ ಇದೆ, ನಿಂಗೊತ್ತು. ತಪ್ಪು ತಿಳ್ಕೋಬೇಡ. ಬೇರೆ ಎಲ್ಲಾದ್ರೂ ನೋಡು."

ಜಯಶೀಲಾ ಇಪ್ಪತ್ತು ನಿಮಿಷ ಅಲ್ಲೇ ನಿಂತಳು. ಮತ್ತೆ ಮೂರು ಸಲ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಆಟೋದವನು ಹಾರ್ನ್ ಹೊಡೆದ. ವಾಪಸ್ ಸಿದ್ದಾಪುರಕ್ಕೆ ಬಂದಾಗ ಪಕ್ಕದ ಬಾಡಿಗೆ ಮನೆಯ ಶರಣಮ್ಮ ಬಾಗಿಲಲ್ಲೇ ನಿಂತಿದ್ದಳು. ಕಲಬುರಗಿ ಕಡೆಯವಳು, ಬಂದು ಇನ್ನೂ ವರ್ಷವಾಗಿರಲಿಲ್ಲ, ಹೆಚ್ಚು ಮಾತುಕತೆಯೂ ಇರಲಿಲ್ಲ. ಆಕೆ ಏನನ್ನೂ ಕೇಳದೆ ಹುಡುಗಿಯ ಕೈಯಲ್ಲಿದ್ದ ಬಟ್ಟೆಯ ಚೀಲ ಇಸಿದುಕೊಂಡು, "ಕೂಸು ನಮ್ಮನ್ಯಾಗ ಇರ್ತದ. ನೀ ಲಗೂ ಹೋಗವ್ವ," ಎಂದಳು.

ಜಯಶೀಲಾ ಆಸ್ಪತ್ರೆ ಮುಟ್ಟುವ ಮುಕ್ಕಾಲು ಗಂಟೆ ಮೊದಲೇ ಅಮೃತರಾಜ್ ಹೋಗಿಬಿಟ್ಟಿದ್ದ. ಅವನನ್ನು ಗುಂಡಿಗೆ ಇಳಿಸಿದ ನಾಲ್ವರು ಯಾರೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡಿದ್ದರು. ಅವಳು ಅಳಲಿಲ್ಲ. ಆಮೇಲೆ ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ.

ಲಾಕ್‌ಡೌನ್ ಮುಗಿದು ಬಸ್ಸು ಹತ್ತಿದಳು. ಟಿಕೆಟ್ ಕೊಟ್ಟಳು. ಎರಡು ವರ್ಷದ ಮೇಲೆ ಹೆಂಗಸರಿಗೆ ಬಸ್ಸು ಉಚಿತವಾದಾಗ ಅವರ ಆಧಾರ್ ಕಾರ್ಡ್ ನೋಡಿ ಸೊನ್ನೆಯ ಟಿಕೆಟ್ ಹರಿದುಕೊಟ್ಟಳು. ಭಾನುವಾರ ಮಗಳೊಂದಿಗೆ ಜಯನಗರದ ಕನ್ನಡ ಚರ್ಚಿಗೆ ಹೋದಳು. ಎಲ್ಲರೊಂದಿಗೆ ನಿಂತು, ಎಲ್ಲರೊಂದಿಗೆ ಮೊಣಕಾಲೂರಿ, ನಿನ್ನ ಚಿತ್ತದಂತೆಯೇ ಆಗಲಿ ಎಂದು ಬಾಯಿಬಿಟ್ಟು ಹೇಳಿದಳು. ಬಸ್ಸಿನಲ್ಲಿ ಮುಂದಿನ ಸ್ಟಾಪಿನ ಹೆಸರು ಕೂಗಿದ ಹಾಗೆ ಅದು ಬಾಯಿಂದ ಬರುತ್ತಿತ್ತು. ಶನಿವಾರ ಸಂಜೆ ಕ್ವಾಯರಿನ ಅಭ್ಯಾಸದಲ್ಲಿ ಮಾತ್ರ ಹಾಗಲ್ಲ. ಹೆಂಗಸರ ತಗ್ಗಿನ ದನಿಯ ಸಾಲಿನಲ್ಲಿ ನಿಂತು ಹಾಡುವ ಆ ಎರಡು ಗಂಟೆ ಎದೆಯೊಳಗೆ ಏನೋ ಒಂದಿಷ್ಟು ಅಲ್ಲಾಡುತ್ತಿತ್ತು. ವಾರಕ್ಕೆ ಅಷ್ಟು ಅಲ್ಲಾಡಿದರೆ ಸಾಕು ಎಂದು ಅವಳು ಅದಕ್ಕಾಗಿ ಕಾಯುತ್ತಿದ್ದಳು.

ಅಕ್ಕನೊಂದಿಗೆ ಮಾತು ನಿಂತಿತ್ತು. ಜಗಳವೇನೂ ಆಗಿರಲಿಲ್ಲ. ಆಕೆ ಫೋನ್ ಮಾಡಲಿಲ್ಲ, ಇವಳೂ ಮಾಡಲಿಲ್ಲ.

ಮೂರು ವರ್ಷದ ನಂತರ ಒಂದು ಮಧ್ಯಾಹ್ನ, ಡಿಪೋದಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ಭಾವನ ಫೋನ್ ಬಂತು. ಕೃಪಾವತಿಯ ಎರಡೂ ಕಿಡ್ನಿ ಹೋಗಿವೆ ಎಂದ. ತನ್ನದು ಕೊಡೋಣವೆಂದರೆ ಸಕ್ಕರೆ ಕಾಯಿಲೆ. ಇರುವ ಒಬ್ಬ ಮಗಳು ಮೈಸೂರಿನಲ್ಲಿ ತುಂಬು ಬಸುರಿ. ಆಮೇಲೆ, "ನಿಂದೂ ಓ ಗ್ರೂಪೇ ಅಲ್ವಮ್ಮಾ?" ಎಂದು ಕೇಳಿದ.

"ಹೌದು," ಎಂದಳು ಜಯಶೀಲಾ.

"ಕೇಳೋಕೆ ನಮ್ಗೆ ಮುಖ ಇಲ್ಲ. ಅವಳೂ ಬೇಡ ಅಂತಿದಾಳೆ. ನಾನೇ ಫೋನ್ ಮಾಡ್ದೆ."

"ನಾಳೆ ಹೇಳ್ತೀನಿ ಭಾವ."

ಅಂದು ಸಂಜೆ ಡ್ಯೂಟಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಚರ್ಚಿನೊಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಯಾರೋ ನೆಲ ಒರೆಸುತ್ತಿದ್ದರು. ತನ್ನನ್ನು ತಾನು ಬಿಟ್ಟುಕೊಡುವುದು, ಶಿಲುಬೆ ಹೊರುವುದು ಎಂದೆಲ್ಲ ಆ ಕಟ್ಟಡದೊಳಗೆ ಅವಳು ಚಿಕ್ಕವಳಿದ್ದಾಗಿನಿಂದ ಕೇಳಿದ್ದಳು. ಕೇಳಿದಾಗೆಲ್ಲ ಅದಕ್ಕೆ ದೊಡ್ಡ ಪ್ರೀತಿ ಬೇಕು ಎಂದುಕೊಂಡಿದ್ದಳು. ಈಗ ಹುಡುಕಿದರೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲ. ಸಿಟ್ಟಾದರೂ ಇದೆಯೇ ಎಂದರೆ ಅದೂ ಇರಲಿಲ್ಲ. ಕೊಡುವುದಿಲ್ಲ ಎನ್ನಲು ಸಿಟ್ಟಾದರೂ ಬೇಕಲ್ಲ. ಕೊನೆಗೆ ಅವಳು ಮಾಡಿದ ಪ್ರಾರ್ಥನೆ ಇಷ್ಟೇ: "ಕರ್ತನೇ, ನನ್ನ ಹತ್ರ ಮನಸ್ಸಿಲ್ಲ. ಮೈಯೊಂದಿದೆ. ಬೇಕಾದ್ರೆ ಅದನ್ನ ತಗೋ." ಆಮೆನ್ ಎಂದು ಎದ್ದು, ದಾರಿಯಲ್ಲಿ ಅರ್ಧ ಕೇಜಿ ಟೊಮೆಟೊ ಕೊಂಡು ಮನೆಗೆ ಹೋದಳು.

ಊಟದ ಹೊತ್ತಿಗೆ ಮಗಳಿಗೆ ಹೇಳಿದಳು. ಶರೋನ್‌ಗೆ ಈಗ ಹನ್ನೆರಡು. ತಟ್ಟೆಯಿಂದ ಕೈ ತೆಗೆದಳು.

"ದೊಡ್ಡಮ್ಮ ಅವತ್ತು ಗೇಟೇ ತೆಗೀಲಿಲ್ಲ ಅಮ್ಮಾ."

"ಹೌದು. ತೆಗೀಲಿಲ್ಲ."

"ಮತ್ತೆ? ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

ಜಯಶೀಲಾ ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. "ಡಾಕ್ಟರ್ ಎಲ್ಲ ನೋಡಿಯೇ ಮಾಡ್ತಾರೆ. ಊಟ ಮಾಡು," ಎಂದಳು. ಶರೋನ್ ಊಟ ಬಿಟ್ಟು ಪಕ್ಕದ ಶರಣಮ್ಮನ ಮನೆಗೆ ಎದ್ದು ಹೋದಳು.

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಲ್ಲಿ ಪರೀಕ್ಷೆಗಳು ತಿಂಗಳುಗಟ್ಟಲೆ ನಡೆದವು. ರಕ್ತ ಕೊಟ್ಟಳು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ತುಂಬಿಸಿಕೊಂಡು ತನ್ನದೇ ಇಲಾಖೆಯ ಬಸ್ಸಿನಲ್ಲಿ ಒಯ್ದಳು. ರಜೆಗಳೆಲ್ಲ ತೀರಿದವು. ಅಕ್ಕನ ರಕ್ತಕ್ಕೂ ತಂಗಿಯ ರಕ್ತಕ್ಕೂ ಹೊಂದಿಕೆಯಾಯಿತು. ಕೌನ್ಸೆಲರ್ ಹುಡುಗಿಯೊಬ್ಬಳು ಅವಳೊಬ್ಬಳನ್ನೇ ಕೋಣೆಯಲ್ಲಿ ಕೂರಿಸಿಕೊಂಡು, "ಮನೆಯವ್ರು ಯಾರಾದ್ರೂ ಒತ್ತಾಯ ಮಾಡಿದಾರಾ ಮೇಡಂ?" ಎಂದು ಕೇಳಿದಳು.

"ಇಲ್ಲ."

"ಅಕ್ಕನ್ನ ಕಂಡ್ರೆ ತುಂಬ ಪ್ರೀತಿನಾ?"

"ಇಲ್ಲಮ್ಮ."

ಹುಡುಗಿಯ ಪೆನ್ನು ನಿಂತಿತು. "ಮತ್ತೆ ಯಾಕೆ ಕೊಡ್ತಿದೀರಾ?"

ಜಯಶೀಲಾ ಯೋಚಿಸಿದಳು. "ದೇವರಿಗೆ ಆಗ್ಲಿ ಅಂದಿದೀನಿ. ಈಗ ಇಲ್ಲ ಅನ್ನೋಕೆ ಬರಲ್ಲ," ಎಂದಳು. ಹುಡುಗಿ ಏನನ್ನೋ ಬರೆದುಕೊಂಡಳು.

ಕೊನೆಯ ಸ್ಕ್ಯಾನ್ ಆದ ವಾರಕ್ಕೆ ಡಾಕ್ಟರು ಕರೆಸಿದರು. ಮೊದಲ ಸ್ಕ್ಯಾನಿನಲ್ಲೇ ಎಡಗಡೆಯದು ಸ್ವಲ್ಪ ಚಿಕ್ಕದಾಗಿ ಕಂಡಿತ್ತು. ಈಗ ಖಚಿತವಾಗಿದೆ ಎಂದರು. "ಅದು ಹುಟ್ಟಿನಿಂದ್ಲೇ ಸರಿಯಾಗಿ ಬೆಳೆದಿಲ್ಲಮ್ಮ. ಕೆಲ್ಸ ಮಾಡ್ತಿರೋದು ಒಂದೇ. ನಿಮ್ಮಿಂದ ತಗೊಳ್ಳೋ ಹಾಗಿಲ್ಲ. ನೀವು ಇನ್ಮೇಲೆ ಬಿಪಿ ನೋಡ್ಕೊಂಡಿರ್ಬೇಕು."

ನಲವತ್ತೊಂಬತ್ತು ವರ್ಷ ಅವಳು ಒಂದೇ ಕಿಡ್ನಿಯ ಮೇಲೆ ಬದುಕಿದ್ದಳು. ಹಡೆದಿದ್ದಳು. ದಿನಕ್ಕೆ ಎಂಟು ಗಂಟೆ ಅಲ್ಲಾಡುವ ಬಸ್ಸಿನಲ್ಲಿ ನಿಂತಿದ್ದಳು. ಹೊರಗೆ ಬೆಂಚಿನಲ್ಲಿ ಭಾವ ಕೂತಿದ್ದ. ಕೇಳಿ ತಲೆಯ ಮೇಲೆ ಕೈ ಹೊತ್ತ. ಅವನ ಪಕ್ಕ ಕೂತು ಅವಳು ತನಗೆ ಸಮಾಧಾನವಾಗಿದೆಯೇ ಎಂದು ನೋಡಿಕೊಂಡಳು. ಬಚಾವಾದೆ ಎನ್ನಿಸಲಿಲ್ಲ. ದುಃಖವೂ ಆಗಲಿಲ್ಲ. ಕೊಡಲು ಹೋದ ಒಂದೇ ಒಂದನ್ನೂ ದೇವರು ಬೇಡವೆಂದು ಹಿಂದಕ್ಕೆ ನೂಕಿದ ಹಾಗಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಅವಳನ್ನು ಪಕ್ಕಕ್ಕೆ ಕರೆದರು. ವಿಷಯ ಆಗಲೇ ಅವರ ಕಿವಿಗೆ ಬಿದ್ದಿತ್ತು. "ಬರೋ ವಾರ ನೀವು ಸಭೆ ಮುಂದೆ ನಿಂತು ಸಾಕ್ಷಿ ಹೇಳ್ಬೇಕು ಸಿಸ್ಟರ್. ಅಬ್ರಹಾಮ ಮಗನನ್ನೇ ಬಲಿ ಕೊಡೋಕೆ ಹೋದ. ದೇವ್ರು ಅವನ ಮನಸ್ಸು ನೋಡಿ ಸಾಕು ಅಂದ್ರು. ನಿಮ್ಗೂ ಹಾಗೇ ಆಯ್ತು."

"ಅಬ್ರಹಾಮನಿಗೆ ಕೊನೇಲಿ ಮಗನ ಬದ್ಲು ಟಗರು ಸಿಕ್ತು ಪಾಸ್ಟರ್. ನಮ್ಮಕ್ಕಂಗೆ ಏನೂ ಸಿಗ್ಲಿಲ್ಲ."

ಪಾಸ್ಟರ್ ಒಳ್ಳೆಯ ಮನುಷ್ಯ, ಸುಳ್ಳು ಸಮಾಧಾನ ಹೇಳಲಿಲ್ಲ. "ಈಗ ಅವ್ರಿಗೆ ಹೇಗೆ?" ಎಂದಷ್ಟೇ ಕೇಳಿದರು.

ಹೇಗೆಂದರೆ ಡಯಾಲಿಸಿಸ್. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಕೃಪಾವತಿಯ ಹೆಸರು ಬರೆಸಿದ್ದರು. ಸರದಿ ಬರಲು ಎಷ್ಟು ವರ್ಷವೋ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರರಿಂದ ಏಳರವರೆಗೆ ರಕ್ತ ಶುದ್ಧಿ ಮಾಡಿಸಬೇಕು. ಭಾವನ ಕಣ್ಣು ಮಬ್ಬಾಗುತ್ತಿತ್ತು, ಗಾಡಿ ಓಡಿಸುವುದನ್ನು ಬಿಟ್ಟಿದ್ದ. ಮುಗಿಸಿ ಎದ್ದಾಗ ಕೃಪಾವತಿಗೆ ತಲೆ ಸುತ್ತುತ್ತಿತ್ತು. ಒಮ್ಮೆ ಆಸ್ಪತ್ರೆಯ ಮೆಟ್ಟಿಲಲ್ಲೇ ಬಿದ್ದು ಹಣೆ ಒಡೆದುಕೊಂಡಳು.

ಜಯಶೀಲಾ ಡಿಪೋದಲ್ಲಿ ಚನ್ನವೀರ ಎಂಬ ಕಂಡಕ್ಟರನ್ನು ಕೇಳಿ ಪಾಳಿ ಬದಲಾಯಿಸಿಕೊಂಡಳು. ನಸುಕಿನಲ್ಲಿ ಹೊರಡುವ ಮೊದಲ ಬಸ್ಸು ಯಾರಿಗೂ ಬೇಡದ ಬಸ್ಸು. ಅವನು ಖುಷಿಯಿಂದಲೇ ಬಿಟ್ಟುಕೊಟ್ಟ. ಎರಡು ಗಂಟೆಗೆ ಲೆಕ್ಕ ಒಪ್ಪಿಸಿ, ಖಾಕಿ ಸೀರೆಯಲ್ಲೇ ಅರೆಕೆರೆಗೆ ಹೋಗಿ, ಅಕ್ಕನನ್ನು ಆಟೋ ಹತ್ತಿಸುವಳು. ಮಂಗಳವಾರ, ಗುರುವಾರ, ಶನಿವಾರ. ದಿನ ಬದಲಾಯಿಸಿ ಕೊಡಿ ಎಂದು ಆಸ್ಪತ್ರೆಯಲ್ಲಿ ಎರಡು ಸಲ ಕೇಳಿದಳು. ಬೇರೆ ದಿನ ಬೆಡ್ ಖಾಲಿ ಇರಲಿಲ್ಲ.

ಅಕ್ಕನನ್ನು ಡಯಾಲಿಸಿಸ್ಸಿಗೆ ಮಲಗಿಸಿ, ಕ್ವಾಯರಿಗೆ ಇನ್ನು ಬರಲಾಗುವುದಿಲ್ಲ ಎಂದು ಹೇಳಲು ಹೋದ ಶನಿವಾರ ಅವಳು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ಶುರುವಾಗುತ್ತಿತ್ತು. ಅಭ್ಯಾಸಕ್ಕೆ ಬಾರದವರು ಭಾನುವಾರ ಹಾಡುವ ಹಾಗಿಲ್ಲ. ಆ ಕಟ್ಟಳೆ ಮಾಡುವಾಗ ಕೈ ಎತ್ತಿದವರಲ್ಲಿ ಅವಳೂ ಒಬ್ಬಳು. ತನ್ನ ಹಾಡಿನ ಫೈಲನ್ನು ಮೇಜಿನ ಮೇಲಿಟ್ಟು ಹೊರಟಳು. ಕಿಡ್ನಿ ಕೊಡುತ್ತೇನೆಂದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಇದನ್ನು ಬಿಟ್ಟು ಬರುವಾಗ ನೋವಾಯಿತು, ತನ್ನ ಸಾಲನ್ನು ಗುನುಗುತ್ತಲೇ ನಡೆದಳು. ಆಸ್ಪತ್ರೆಗೆ ಮರಳುವ ದಾರಿಯಲ್ಲಿ ಬಿಳೇಕಹಳ್ಳಿ ದಾಟುವಷ್ಟರಲ್ಲಿ ಅದೂ ಇಳಿದುಹೋಯಿತು.

ಮೊದಮೊದಲು ಅಕ್ಕತಂಗಿಯರು ಮಾತಾಡುತ್ತಿರಲಿಲ್ಲ. ಕೃಪಾವತಿಯ ಎಡಗೈಯಿಂದ ಕೆಂಪು ಕೊಳವೆ ಹೊರಟು ಮೆಷಿನ್ನು ಹೊಕ್ಕು ಮರಳುತ್ತಿತ್ತು. ಜಯಶೀಲಾ ಸ್ಟೂಲಿನ ಮೇಲೆ ಕೂತು ತೂಕಡಿಸುತ್ತಿದ್ದಳು. ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ ಕೃಪಾವತಿ ಚಾವಣಿ ನೋಡುತ್ತಲೇ ಹೇಳಿದಳು:

"ಅವತ್ತು ನಾನು ಕರ್ಟನ್ ಹಿಂದೆ ನಿಂತಿದ್ದೆ ಶೀಲಾ. ನೀವಿಬ್ರೂ ಹೋಗೋವರ್ಗೂ ಅಲ್ಲೇ ಇದ್ದೆ."

"ಗೊತ್ತು. ಕರ್ಟನ್ ಅಲ್ಲಾಡ್ತಿತ್ತು."

"ಕೀ ಕೈಯಲ್ಲೇ ಇತ್ತು."

ಪಕ್ಕದ ಬೆಡ್ಡಿನ ಮೆಷಿನ್ನು ಕೀರಲಾಗಿ ಕೂಗಿತು. ನರ್ಸು ಬಂದು ಸರಿಮಾಡಿ ಹೋದಳು.

"ನನ್ನ ಕ್ಷಮಿಸಿದೀಯಾ?" ಕೃಪಾವತಿಯ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಎಡಗೈ ಎತ್ತುವ ಹಾಗಿರಲಿಲ್ಲ, ಬಲಗೈಗೆ ಬಿಪಿ ಪಟ್ಟಿ ಸುತ್ತಿದ್ದರು.

"ಗೊತ್ತಿಲ್ಲ ಅಕ್ಕ. ಕೇಳ್ಕೊಂಡೇ ಇದೀನಿ ದೇವ್ರನ್ನ. ಇನ್ನೂ ಬಂದಿಲ್ಲ," ಎಂದಳು ಜಯಶೀಲಾ. ಆಮೇಲೆ, "ಗುರುವಾರ ಎರಡೂವರೆಗೇ ರೆಡಿ ಇರು. ಮೆಟ್ರೋ ಕೆಲ್ಸ ನಡೀತಿದೆ, ಜಾಮ್ ಆಗತ್ತೆ," ಎಂದಳು. ತನ್ನ ಕರ್ಚೀಫು ತೆಗೆದು ಅಕ್ಕನ ಕಿವಿಯ ಪಕ್ಕ ಒರೆಸಿದಳು.

ಅಲ್ಲಿಂದೀಚೆಗೆ ಒಂದೂವರೆ ವರ್ಷವಾಯಿತು. ಕಿಡ್ನಿ ಸಿಕ್ಕಿದೆ ಎಂದು ಆಸ್ಪತ್ರೆಯಿಂದ ಕರೆ ಬಂದಿಲ್ಲ. ಶರೋನ್ ಮೊದಲ ವರ್ಷ ದೊಡ್ಡಮ್ಮನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು; ಈಗ ಹೋಗುವುದಿಲ್ಲ, ಆದರೆ ನೋಡಲು ಬರುವುದೂ ಇಲ್ಲ. ತಾಯಿ ಬಲವಂತ ಮಾಡಿಲ್ಲ. ಪಾಸ್ಟರ್ ಸಾಕ್ಷಿಯ ಮಾತು ಮತ್ತೆ ತೆಗೆದಿಲ್ಲ. ಅದರ ಬದಲು ತಿಂಗಳಿಗೊಮ್ಮೆ ತಾವೇ ಶನಿವಾರ ಬಂದು ಕೃಪಾವತಿಯ ಬಳಿ ಅರ್ಧ ಗಂಟೆ ಕೂರುತ್ತಾರೆ. ಆಗ ಜಯಶೀಲಾ ಕೆಳಗೆ ಹೋಗಿ ಕಾಫಿ ಕುಡಿದು ಬರುತ್ತಾಳೆ.

ಮೊನ್ನೆ ಹಾಗೆ ಕಾಫಿ ಕುಡಿದು ಬಂದಾಗ ಪಾಸ್ಟರ್ ಹೋಗಿಯಾಗಿತ್ತು. ಕೃಪಾವತಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ರಕ್ತ ಹೊರಗೆ ಹೋಗಿ ಬರುವಾಗ ಮೈ ತಣ್ಣಗಾಗುತ್ತದೆ. ಹೊದಿಕೆ ಜಾರಿ ಪಾದಗಳು ಹೊರಗೆ ಬಿದ್ದಿದ್ದವು. ಅಮ್ಮನ ಪಾದಗಳ ಹಾಗೆಯೇ ಹೆಬ್ಬೆರಳುಗಳು ಹೊರಗೆ ವಾಲಿದ್ದವು. ಜಯಶೀಲಾ ಹೊದಿಕೆ ಎಳೆದು ಮುಚ್ಚಿದಳು. ಮುಚ್ಚಿದ ಮೇಲೂ ಕೈ ಅಲ್ಲೇ, ಬಟ್ಟೆಯ ಮೇಲೆ, ಸ್ವಲ್ಪ ಹೊತ್ತು ಉಳಿಯಿತು. ಅದನ್ನು ಅಲ್ಲಿಡಲು ಅವಳು ಪ್ರಾರ್ಥಿಸಿರಲಿಲ್ಲ. ಒಳಗೆ ಏನಾದರೂ ಅನ್ನಿಸುತ್ತಿದೆಯೇ ಎಂದು ನೋಡಿಕೊಳ್ಳುವುದನ್ನೂ ಮರೆತಿದ್ದಳು.

"ಇನ್ನೂ ಒಂದ್ ಗಂಟೆ ಆಗತ್ತೆ ಆಂಟಿ," ಎಂದಳು ನರ್ಸು.

"ಆಗ್ಲಿ," ಎಂದು ಜಯಶೀಲಾ ಸ್ಟೂಲನ್ನು ಬೆಡ್ಡಿನ ಹತ್ತಿರಕ್ಕೆ ಎಳೆದುಕೊಂಡಳು.