ಬಾಜೂ ಕಾಟಿನವಳ ರಕ್ತ

ಮೊನ್ನೆ ಜ್ವರವೆಂದು ಬೈಲಹೊಂಗಲದ ಲ್ಯಾಬಿಗೆ ಹೋಗಿದ್ದೆ. ರಕ್ತ ತೆಗೆಯುವಾಕೆ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ತಣ್ಣನೆಯ ವಾಸನೆಗೆ ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಹಿರಿಯಾಕೆ ನೆನಪಾದರು...

ಕೊರೊನಾದ ಎರಡನೇ ಅಲೆಯಲ್ಲಿ ಕಾಕು ಆಸ್ಪತ್ರೆ ಸೇರಿದ್ದರು. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ದಿನಾ ರಕ್ತ ತೆಗೆದು, ಮೈಯೊಳಗೆ ಉರಿಯೂತ ಎಷ್ಟಿದೆ, ರಕ್ತ ಹೆಪ್ಪುಗಟ್ಟುತ್ತಿದೆಯೇ ಎಂದು ನೋಡಿ, ಯಾರು ಉಳಿದಾರು ಎಂಬುದನ್ನು ಡಾಕ್ಟರು ಅಂದಾಜು ಮಾಡುತ್ತಿದ್ದರು. ಕಾಕುವಿನ ರಿಪೋರ್ಟು ದಿನದಿಂದ ದಿನಕ್ಕೆ ಕೆಟ್ಟಿತು. ಆಸೆ ಇಟ್ಟುಕೊಳ್ಳಬೇಡಿ ಎಂದು ಅವರ ಮಗನಿಗೆ ಹೇಳಿಯೂ ಬಿಟ್ಟಿದ್ದರು. ಬಾಜೂ ಕಾಟಿನಲ್ಲಿ, ಪಕ್ಕದ ಮಂಚದಲ್ಲಿ, ಇದ್ದ ಸಿರಸಂಗಿಯ ಹೆಣ್ಣುಮಗಳ ರಿಪೋರ್ಟು ಚೆನ್ನಾಗಿತ್ತು. ನಾಳೆ ಮನೆಗೆ ಹೋಗಬಹುದು ಎಂದಿದ್ದರು.

ಮರುದಿನ ಬೆಳಿಗ್ಗೆ ತೀರಿಹೋದದ್ದು ಆಕೆ. ಕಾಕು ಉಳಿದರು.

ಮನೆಗೆ ಬಂದ ಕಾಕು ಮೊದಲಿನ ಕಾಕು ಆಗಿರಲಿಲ್ಲ. ತಾಟಿನ ಮುಂದೆ ಕೂತು ತುತ್ತು ಎತ್ತದೆ ಎದ್ದುಬಿಡುತ್ತಿದ್ದರು. "ರಕ್ತದ ಶೀಶೆ ಅದಲಬದಲ ಆಗ್ಯಾವ. ಆಕೀಗೆ ಆಗಬೇಕಾದ ಔಷಧ ನನಗ ಆಗೇತಿ," ಎನ್ನುತ್ತಿದ್ದರು. ಡಾಕ್ಟರು ಕೂಡಿಸಿಕೊಂಡು ಹೇಳಿದರು: "ಹಂಗೇನೂ ಆಗಿಲ್ರಿ ಅವ್ವಾರ. ರಕ್ತ ಅಂದಾಜು ಹೇಳತೈತಿ, ಖಾತ್ರಿ ಹೇಳೂದಿಲ್ಲ." ಕಾಕು ತಲೆಯಾಡಿಸಿದರು. ನಂಬಲಿಲ್ಲ.

ಕೊನೆಗೊಮ್ಮೆ ನನ್ನನ್ನು ಕರೆದುಕೊಂಡು ಸಿರಸಂಗಿಗೆ ಹೊರಟರು. ಕೇಳುತ್ತ ಹೋಗಿ ಮನೆ ಹುಡುಕಿದೆವು. ಸತ್ತವಳ ಮಗಳು ನೀರು ಕೊಟ್ಟು ಕೂರಿಸಿದಳು. ಕಾಕು ಎಲ್ಲವನ್ನೂ ಹೇಳಿ, "ನಿಮ್ಮವ್ವನ ಆಯುಷ್ಯ ನಾ ಉಣ್ಣಾಕತ್ತೇನಿ ತಂಗಿ," ಎಂದರು.

ಅವಳು ಸಿಟ್ಟಾದಾಳೆಂದು ನನಗೆ ಹೆದರಿಕೆ. ಆದರೆ ಅವಳು ಹತ್ತಿರ ಸರಿದು ಕೇಳಿದ್ದೇ ಬೇರೆ: "ಕಡೀಕ ನಮ್ಮವ್ವ ಏನಂದ್ಲರಿ? ನಾವ್ಯಾರೂ ಇರಲಿಲ್ಲ. ನೀವಷ್ಟ ಇದ್ರಿ."

ಕಾಕು ಅವಳ ತಲೆಗೂದಲು ಸವರಿ ಹೇಳಿದರು: "ತಲಿ ಜಡಿಗಟ್ಟೇತಿ, ಮನಿಗೆ ಹೋಗಿ ಮಗಳ ಕಡಿಂದ ಎಣ್ಣಿ ಹಚ್ಚಿಸಿಕೊಂಡು ಹೆಳಲು ಹಾಕಿಸ್ಕೋತೇನಿ ಅಂದ್ಲು. ಅಂದು ನಕ್ಕಳು."

ಮಗಳು ಕಾಕುವಿನ ತೊಡೆಯಲ್ಲಿ ಮುಖವಿಟ್ಟಳು. ಇನ್ನು ಇವರ ಭಾರ ಇಳಿಯಿತು ಅಂದುಕೊಂಡೆ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಕಾಕು ಮೆಲ್ಲಗೆ, "ಆದ್ರೂ ಶೀಶೆ ಅದಲಬದಲ ಆಗಿರಬೇಕ," ಎಂದರು.

ಹೋದ ವರ್ಷ ಕಾಕು ತೀರಿಕೊಂಡರು. ಬೇನೆಯಿಲ್ಲ, ಮಲಗಿದಲ್ಲೇ. ಸಿರಸಂಗಿಯ ಮಗಳು ಈಗ ನನಗೆ ಫೋನ್ ಮಾಡುತ್ತಾಳೆ. ಮಳೆ, ಮಕ್ಕಳು, ಅದೂ ಇದೂ ಮಾತಾಡಿ, "ಅವ್ವ ನಕ್ಕಿದ್ದು ಖರೇನ ಹೌದಲ್ರಿ ಅಕ್ಕಾರ?" ಎಂದು ಕೇಳುತ್ತಾಳೆ. ಹೌದು ಎನ್ನುತ್ತೇನೆ. ಅವಳವ್ವನನ್ನು ನಾನು ಕಂಡವಳೇ ಅಲ್ಲ. ಕಂಡಿದ್ದವರು ಈಗಿಲ್ಲ...