ಹೊಡೆದದ್ದು ಬೇಸ್‌ಗೆ ಮಾತ್ರ ಎಂದಳು ಅಕ್ಕ

ಆ ಮಧ್ಯಾಹ್ನ ಹುತ್ತೂರಿನ ಅಕ್ಕನ ಮನೆಯಲ್ಲಿ ನಾನು ಏನು ಮಾಡಿದೆ ಎನ್ನುವುದು ನನಗೆ ಸರಿಯಾಗಿ ಗೊತ್ತಿಲ್ಲ. ಕೈಯಲ್ಲಿ ಸರ್ವೆ ಮರದ ಉದ್ದನೆಯ ಗಳ ಇತ್ತು. ಅದನ್ನು ಬೀಸಿದೆ. ಇಷ್ಟು ಖಚಿತ. ಯಾವುದಕ್ಕೆ ಹೊಡೆದೆ, ಅಥವಾ ಯಾರಿಗೆ ಹೊಡೆದೆ ಎನ್ನುವಲ್ಲಿ ನನ್ನ ನೆನಪೂ ಅಕ್ಕನ ಮಾತೂ ಬೇರೆಯಾಗುತ್ತವೆ. ನಾನು ಮುಳಬಾಗಿಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಒಂದೇ ಅಳತೆಯನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ವರ್ಷವಿಡೀ ಹೇಳುತ್ತೇನೆ. ಆ ದಿನ ನನ್ನ ಮೈಯಲ್ಲಿ ನೂರಾನಾಲ್ಕು ಡಿಗ್ರಿ ಜ್ವರ, ರಕ್ತದ ತುಂಬ ಸೋಂಕು. ಅಂಥ ಸ್ಥಿತಿಯಲ್ಲಿದ್ದ ತಲೆ ಹೇಳುವ ಸಾಕ್ಷಿಯನ್ನು ನಾನೇ ಹೇಗೆ ನಂಬಲಿ?

ಶುರುವಾದದ್ದು ಬಲಗೈ ತೋರುಬೆರಳಿನ ಒಂದು ಬೊಬ್ಬೆಯಿಂದ.

ಅಪ್‌ರೈಟ್ ಬೇಸ್ ಎಂದರೆ ಆಳೆತ್ತರದ ಪಿಟೀಲು ಎಂದುಕೊಳ್ಳಿ. ನೆಲಕ್ಕೆ ಊರಿ, ಮೈಗೆ ಒರಗಿಸಿಕೊಂಡು ನಿಂತೇ ನುಡಿಸಬೇಕು. ರಾಕಬಿಲಿ ಎನ್ನುವುದು ಅಮೆರಿಕದ ಹಳೆಯ ಕುಣಿತದ ಸಂಗೀತ. ಅಲ್ಲಿನ ಹಳ್ಳಿಹಾಡು ಮತ್ತು ಕಪ್ಪು ಜನರ ಬ್ಲೂಸ್ ಕೂಡಿ ಹುಟ್ಟಿದ್ದು. ಅದರಲ್ಲಿ ಎಷ್ಟೋ ಸಲ ಡ್ರಮ್ ಇರುವುದಿಲ್ಲ. ಆ ಕೆಲಸವನ್ನೂ ಬೇಸ್ ನುಡಿಸುವವನೇ ಮಾಡಬೇಕು. ದಪ್ಪ ತಂತಿಯನ್ನು ಬೆರಳಿನಿಂದ ಹೊರಕ್ಕೆ ಎಳೆದು ಬಿಟ್ಟರೆ ಅದು ಮರದ ಪಟ್ಟಿಗೆ ರಪ್ಪನೆ ಬಡಿಯುತ್ತದೆ. ಅದರ ಬೆನ್ನಿಗೇ ಅಂಗೈಯಿಂದ ಎಲ್ಲ ತಂತಿಗಳ ಮೇಲೆ ಒಂದು ಏಟು. ಎಳೆತಕ್ಕೆ ಸ್ವರ, ಏಟಿಗೆ ತಾಳ. ಇದಕ್ಕೆ ಸ್ಲ್ಯಾಪ್ ಎನ್ನುತ್ತಾರೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಇದರ ಹುಚ್ಚು ಹಿಡಿಯಿತು.

ಕಲಿಸಿದವರು ಮಾಲೂರಿನ ಡೆನ್ನಿಸ್ ಅಂಕಲ್. ಹೆಂಚಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಅವರ ತಂದೆ ಚಿನ್ನದ ಗಣಿಯ ಕಡೆ ಕ್ಲಬ್ಬಿನ ಡಾನ್ಸಿಗೆ ನುಡಿಸುತ್ತಿದ್ದ ಬೇಸ್ ಅವರ ಹಾಲಿನಲ್ಲಿ ಹಳೆ ಬೆಡ್‌ಶೀಟ್ ಹೊದ್ದು ನಿಂತಿತ್ತು. ಸೊಂಟ ಕೆಟ್ಟ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ.

“ನೀನು ಸಾರಿ ಕೇಳ್ತಾ ಕೇಳ್ತಾ ಬಾರಿಸ್ತೀಯ ಮ್ಯಾನ್,” ಎಂದರು ಮೊದಲ ವಾರ. “ಅದಕ್ಕೇನ್ ನೋವಾಗಲ್ಲ. ಕೆನ್ನೆಗೆ ಹೊಡಿಯೋ ಹಾಗೆ ಹೊಡಿ.”

“ನಾನು ಯಾರ ಕೆನ್ನೆಗೂ ಹೊಡೆದಿಲ್ಲ ಅಂಕಲ್.”

“ಅದೇ ಪ್ರಾಬ್ಲಮ್ಮು!”

ನಾಲ್ಕನೆಯ ತಿಂಗಳು ಕೈ ಬಂತು. ಒಂದು ಎಳೆತಕ್ಕೆ ಎರಡು ಏಟು, ಆಮೇಲೆ ಮೂರು. ಆ ಸುಖವನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಮರದ ಅದುರಾಟ ಎದೆಗೂ ತೊಡೆಗೂ ನೇರ ನುಗ್ಗುತ್ತದೆ, ಅಂಗೈ ಉರಿಯುತ್ತದೆ, ಹಲ್ಲು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಜೀವಮಾನವಿಡೀ ಮೆಲ್ಲಗೆ ಮಾತಾಡಿದವನಿಗೆ, ಯಾರಿಗೂ ಗಾಯವಾಗದಂತೆ ಬಡಿಯಬಹುದಾದ ಒಂದು ವಸ್ತು ಸಿಕ್ಕಿತ್ತು. ಬಡಿದೆ. ದಿನಕ್ಕೆ ಎರಡು ಗಂಟೆ ಬಡಿದೆ.

ಕೋಲಾರದ ನನ್ನ ಬಾಡಿಗೆ ಮನೆಯ ಓನರ್ ಎರಡು ಸಲ ಬಾಗಿಲು ತಟ್ಟಿದ ಮೇಲೆ, ಅಂಕಲ್ ನನಗೆ ಕೊಟ್ಟಿದ್ದ ಆ ಬೇಸ್ ಹುತ್ತೂರಿಗೆ ಹೋಯಿತು. ನನ್ನ ಅಕ್ಕ ರತ್ನ ಅಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಭಾವ ನರಸಾಪುರದ ಕಂಪನಿಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಾರೆ. ಹುಳುವಿನ ಮನೆಗೆ ತಾಗಿದ ಸಾಮಾನಿನ ಕೋಣೆಯನ್ನು ಅಕ್ಕ ನನಗೆ ಬಿಟ್ಟುಕೊಟ್ಟಳು.

“ಏನ್ಲಾ ಮಂಜ ಇದು, ಹೆಣದ ಪೆಟ್ಟಿಗೆಗೆ ಕುತ್ತಿಗೆ ಇಟ್ಟಂಗದೆ,” ಎಂದಳು. “ಮದುವೆ ಆಗು ಅಂದ್ರೆ ಇದನ್ನ ತಬ್ಬಿಕೊಂಡು ನಿಂತವ್ನೆ. ಏಮಿರಾ, ನಿನ್ನ ಓದಿಗೆ ಇದೇನಾ ಗತಿ?”

ಬೇಸ್‌ನ ಹಳೆ ತಂತಿ ಹರಿದಾಗ ಹೊಸದಕ್ಕೆ ಎಲ್ಲಿ ಹೋಗುವುದು? ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರವನ್ನೇ ಬಿಗಿಯುವವರಿದ್ದಾರೆ ಎಂದು ಓದಿದ್ದೆ. ಶ್ರೀನಿವಾಸಪುರದಲ್ಲಿ ಮಾವಿನ ತೋಟದವರಿಗೆ ಅಂಥ ದಾರ ಮಾರುವ ಅಂಗಡಿಯಿದೆ. ಹೋದೆ. ದುಂಡನೆಯದು ಖಾಲಿಯಾಗಿತ್ತು; ನಾಲ್ಕು ಅಂಚಿನದು ಇತ್ತು. ಹುಲ್ಲನ್ನು ಚೆನ್ನಾಗಿ ಕುಯ್ಯಲೆಂದೇ ಅದಕ್ಕೆ ಅಂಚು. ಇನ್ನೊಂದು ವಾರ ಕಾಯುವ ತಾಳ್ಮೆ ನನಗಿರಲಿಲ್ಲ. ಅದನ್ನೇ ತಂದು ಬಿಗಿದೆ. ಸದ್ದು ಅದ್ಭುತವಾಗಿತ್ತು. ಎರಡನೆಯ ದಿನ ಬೊಬ್ಬೆ ಒಡೆದು ಬೆರಳು ಸೀಳಿತು.

ಅದೇ ವಾರ ಅಕ್ಕನ ಹುಳು ಹಣ್ಣಾಗಿದ್ದವು. ಗೂಡು ಕಟ್ಟುವ ಮುಂಚೆ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ, ಎಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಬಿಡಬೇಕು. ಮನೆಯಲ್ಲಿ ಕೈಯಿದ್ದವರೆಲ್ಲ ಬೇಕು. ನಾನೂ ನಿಂತೆ. ಸತ್ತು, ಕೊಳೆತು, ಕಪ್ಪಾದ ಹುಳುಗಳನ್ನು ಬೇರೆ ಮಾಡಿ ಎಸೆಯುವುದು ನನ್ನ ಪಾಲಿಗೆ ಬಂತು. ಹುಳುವಿನ ಮನೆಗೊಂದು ಕಟ್ಟುನಿಟ್ಟು ಇದೆ. ಒಳಗೆ ಹೋಗುವ ಮುಂಚೆ ಸುಣ್ಣದ ಪುಡಿ ತುಳಿದು, ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಬೇಕು. ನಮ್ಮಿಂದ ಹುಳುವಿಗೆ ರೋಗ ತಗಲಬಾರದು. ಅದನ್ನು ಮರೆತರೆ ಅಕ್ಕ ಸೌಟು ಎಸೆಯುತ್ತಾಳೆ. ಆದರೆ ಹೊರಗೆ ಬರುವಾಗ ಕೈ ತೊಳೆ ಎಂದು ಯಾರೂ ಹೇಳುವುದಿಲ್ಲ. ನಾನೂ ಯೋಚಿಸಲಿಲ್ಲ. ಎಂ.ಎಸ್ಸಿ. ಓದಿದವನು. ಅದೇ ಕೈಯಲ್ಲಿ ಪಕ್ಕದ ಕೋಣೆಗೆ ಹೋಗಿ ಬೇಸ್ ಹಿಡಿದೆ. ಬೆರಳು ಉರಿದಾಗ ಸೀಳಿನ ಬಾಯಿಗೆ ಚಪ್ಪಲಿ ಅಂಟಿಸುವ ಗಮ್ ಹಾಕಿ ಮುಚ್ಚಿದೆ. ಸ್ಲ್ಯಾಪ್ ಕಲಿಯುವವರು ಹೀಗೆ ಮಾಡುವುದನ್ನು ವಿಡಿಯೊದಲ್ಲಿ ನೋಡಿದ್ದೆ.

ರೋಗವನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಯಿತು.

ಸೋಂಕು ಹುಳುವಿನಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಯಾವ ಲ್ಯಾಬೂ ಹಾಗೆಂದು ಬರೆದುಕೊಡಲಿಲ್ಲ. ಮರುದಿನ ಬೆರಳು ಬಾತಿತು. ಅದರ ಮರುದಿನ ಅಂಗೈ ಹೊಳೆಯುವಷ್ಟು ಉಬ್ಬಿ, ಮೊಣಕೈವರೆಗೆ ಕೆಂಪು ಗೆರೆ ಏರಿತು. ಅಕ್ಕ ಅರಿಶಿನ ಬಿಸಿ ಮಾಡಿ ಕಟ್ಟಲು ಬಂದಳು. ನಾನು ಬೇಡವೆಂದು ಗದರಿ, ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸಾಮಾನಿನ ಕೋಣೆಯಲ್ಲೇ ಚಾಪೆ ಹಾಕಿ ಮಲಗಿದೆ. ಮೂರನೆಯ ದಿನ ಭಾವ ಡ್ಯೂಟಿಗೆ ಹೋಗಿದ್ದರು. ಮಧ್ಯಾಹ್ನ ಶೀಟಿನ ಮಾಡು ಕಾದಿತ್ತು.

ಇಲ್ಲಿಂದ ಮುಂದಿನದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ, ನಡೆದಂತೆ ಎಂದಲ್ಲ. ಮೂಲೆಯಲ್ಲಿ ಬೇಸ್ ನಿಂತಿತ್ತು. ಅದು ನನ್ನ ಬೆರಳಿನ ನರವನ್ನು ಹಿಡಿದು ಎಳೆಯುತ್ತಿತ್ತು. ಎಳೆದು ಬಿಡುತ್ತಿತ್ತು. ಬಿಟ್ಟಾಗಲೆಲ್ಲ ನರ ಮೂಳೆಗೆ ರಪ್ಪನೆ ಬಡಿಯುತ್ತಿತ್ತು. ನಾನು ಕಲಿತಿದ್ದನ್ನೆಲ್ಲ ಅದು ನನ್ನ ಮೇಲೆ ಬಾರಿಸುತ್ತಿತ್ತು, ತಾಳ ತಪ್ಪದೆ. ಎದ್ದೆ. ಗೋಡೆಗೆ ಒರಗಿಸಿದ್ದ ಸರ್ವೆ ಗಳ ಎಡಗೈಗೆ ಸಿಕ್ಕಿತು. ಮೊದಲ ಏಟಿಗೆ ಬೇಸ್‌ನ ಎದೆ ಒಡೆಯಿತು. ಎರಡನೆಯದಕ್ಕೆ ಅದರೊಳಗೆ ಆಸರೆಗಿಟ್ಟ ಮರದ ಕಂಬ ಉರುಳಿತು. ಅಕ್ಕ ಕೂಗಿದ್ದು ಕೇಳಿಸಿತು: “ಲೇ ಮಂಜ! ಬಿಡೋ! ಸಾಯ್ತೀಯ ಕಣೋ!” ಬಾಗಿಲಲ್ಲಿ ಇನ್ನೊಂದು ಬೇಸ್ ನಿಂತಿತ್ತು. ಅದಕ್ಕೆ ಕೈಗಳಿದ್ದವು. ಬೀಸಿದೆ.

ಅದು ಮರದ ಸದ್ದಲ್ಲ.

ಒಂದು ವರ್ಷ ನಾನು ಬೇರೇನೂ ಕಲಿತಿರಲಿಲ್ಲ, ಸದ್ದನ್ನು ಮಾತ್ರ ಕಲಿತಿದ್ದೆ. ಪೊಳ್ಳಿರುವ ಮರಕ್ಕೆ ಬಿದ್ದ ಏಟು ಹೇಗೆ ಕೇಳಿಸುತ್ತದೆ ಎನ್ನುವುದು ನನಗೆ ಗೊತ್ತು. ಈ ಸದ್ದು ಮೊಂಡಾಗಿತ್ತು, ಗುಂಗಿಲ್ಲದ್ದು, ಚಿಕ್ಕದು. ಅಲ್ಲಿಗೆ ನೆನಪು ಕಡಿಯುತ್ತದೆ.

ಅದೇ ಸಂಜೆಯಿಂದ ಕೋಲಾರದ ಆಸ್ಪತ್ರೆಯ ಐಸಿಯುನಲ್ಲಿ ಐದು ದಿನ. ಕೈಕಾಲು ಕಟ್ಟಿದ್ದರಂತೆ. ನರ್ಸಮ್ಮ ಒಬ್ಬರನ್ನು ಕಚ್ಚಲು ಹೋಗಿದ್ದೆನಂತೆ. ಎಲ್ಲವೂ ಅಂತೆ. ಆಪರೇಷನ್ ಥಿಯೇಟರಿಗೆ ಮೂರು ಸಲ ಕರೆದೊಯ್ದು ಅಂಗೈ ಸೀಳಿ, ಕೊಳೆತ ಮಾಂಸ ಕೆರೆದು ತೆಗೆದರು. ಮೂರನೆಯ ಸಲ ತೋರುಬೆರಳಿನ ಎರಡು ಗೆಣ್ಣು ಉಳಿಯಲಿಲ್ಲ. ಎಚ್ಚರವಾದ ಮೇಲೆ ಸರ್ಜನ್ ಬ್ಯಾಂಡೇಜ್ ಬಿಚ್ಚಿ, ಉಳಿದ ಬೆರಳುಗಳ ಗಟ್ಟಿ ಚರ್ಮವನ್ನು ಒತ್ತಿ ನೋಡಿದರು.

“ಏನ್ ಕೆಲಸ ಮಾಡ್ತೀರಿ?”

“ಲೆಕ್ಚರರ್.”

“ಇದು ಲೆಕ್ಚರರ್ ಕೈ ಅಲ್ಲ. ಏನು ಮಾಡ್ಕೊಂಡ್ರಿ ನಿಜ ಹೇಳಿ.”

ಹೇಳಿದೆ. ಗಮ್ ಎಂದಾಗ ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಎರಡು ದಿನ ಮುಂಚೆ ಬಂದಿದ್ರೆ ಬೆರಳು ಇರ್ತಿತ್ತು. ಒಂದು ದಿನ ತಡ ಆಗಿದ್ರೆ ನೀವು ಇರ್ತಿರಲಿಲ್ಲ. ಸೆಪ್ಸಿಸ್ ಅಂದ್ರೆ ಆಟ ಅಲ್ಲ.”

ಆರನೆಯ ದಿನ ವಾರ್ಡಿಗೆ ಹಾಕಿದರು. ಅಕ್ಕ ಗಂಜಿ ತಂದಳು. ಬಲಗೈಯಲ್ಲಿ ಡಬ್ಬಿ. ಎಡಗೈ ಮೊಣಕೈಯಿಂದ ಅಂಗೈವರೆಗೆ ಪ್ಲಾಸ್ಟರ್, ಕೊರಳಿಗೆ ಕಟ್ಟಿದ ಪಟ್ಟಿ.

ಎದ್ದು ಕೂರಲು ಹೋದೆ.

“ಏನಾಯ್ತಕ್ಕ ಕೈಗೆ?”

“ನಿನ್ನೆ ಸೊಪ್ಪಿನ ಹೊರೆ ಹೊತ್ಕೊಂಡು ಬದು ಇಳೀತಿದ್ದೆ. ಜಾರಿಬಿಟ್ಟೆ ಕಣೋ.”

“ನಾನು ಹೊಡೆದ್ನಾ?”

“ಥೂ! ನಿನ್ನ ಕೈಲಿ ಸೊಳ್ಳೆ ಸಾಯಲ್ಲ, ನನ್ನ ಹೊಡೀತೀಯಾ? ನೀನು ಹೊಡೆದಿದ್ದು ಆ ನಿನ್ನ ಪೆಟ್ಟಿಗೆಗೆ. ಪುಡಿಪುಡಿ ಮಾಡಿದೀಯ. ಒಲೆಗೆ ಇಡೋಣ ಅಂದ್ಕೊಂಡೆ, ಅಷ್ಟರಲ್ಲಿ ಆ ಮಾಲೂರು ಮುದುಕಪ್ಪ ಆಟೋ ತಂದು ಚೂರೆಲ್ಲ ಬಾಚಿಕೊಂಡು ಹೋದ. ಬಾಯಿ ತೆಗಿ, ಗಂಜಿ ಆರುತ್ತೆ.”

ಬಾಯಿ ತೆಗೆದೆ. ಇಬ್ಬರಿಗೂ ಸೇರಿ ಸರಿಯಾಗಿ ಉಳಿದದ್ದು ಎರಡು ಕೈ. ನನ್ನ ಎಡಗೈ, ಅವಳ ಬಲಗೈ. ಡಬ್ಬಿಯನ್ನು ನಾನು ಹಿಡಿದೆ, ಚಮಚವನ್ನು ಅವಳು. ಭಾವ ವಾರ್ಡಿನ ಬಾಗಿಲವರೆಗೆ ಬಂದು, ಹಣ್ಣಿನ ಕವರ್ ಇಟ್ಟು, ನನ್ನ ಮುಖ ನೋಡದೆ ಹೋದರು. ಡ್ಯೂಟಿಗೆ ಹೊತ್ತಾಯಿತು ಎಂದಳು ಅಕ್ಕ. ಆ ಹೊತ್ತಿಗೆ ಅವರ ಯಾವ ಶಿಫ್ಟೂ ಶುರುವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ಕೈಯನ್ನು ಮಡಿಸಿ ಬಿಚ್ಚುವುದನ್ನು ಮಗುವಿನಂತೆ ಕಲಿತೆ. ಫಿಸಿಯೋಥೆರಪಿ, ಡ್ರೆಸಿಂಗ್, ಇಲ್ಲದ ಬೆರಳಿನ ತುದಿಯಲ್ಲಿ ನೋವು. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆದೆ, ವಿದ್ಯಾರ್ಥಿಗಳು ನಗಲಿಲ್ಲ. ನಡುನಡುವೆ, ಪಾಠದ ಮಧ್ಯೆ, ಬಸ್ಸಿನಲ್ಲಿ, ಆ ಮೊಂಡು ಸದ್ದು ಕೇಳಿಸುತ್ತಿತ್ತು. ಸನ್ನಿ ಹಿಡಿದ ತಲೆ ಇಲ್ಲದ್ದನ್ನು ಕಟ್ಟುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇಸ್ ನನ್ನ ನರ ಎಳೆದದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆಯಲ್ಲ, ಅದು ಸುಳ್ಳಾದರೆ ಇದೂ ಸುಳ್ಳು. ವಾದ ಸರಿಯಾಗಿಯೇ ಇತ್ತು. ನಿದ್ದೆ ಮಾತ್ರ ಬರಲಿಲ್ಲ.

ಮೂರು ತಿಂಗಳ ಮೇಲೆ ಡೆನ್ನಿಸ್ ಅಂಕಲ್ ಬೇಸನ್ನು ಹುತ್ತೂರಿಗೆ ತಂದಿಳಿಸಿದರು. ಮಾಲೂರಿನ ಬಡಗಿಯೊಬ್ಬನನ್ನು ಕೂರಿಸಿಕೊಂಡು ಎದೆಗೆ ಹಲಗೆ ತೇಪೆ ಹಾಕಿಸಿದ್ದರು. ದುಂಡನೆಯ ದಾರ ಬಿಗಿದಿದ್ದರು.

“ಮಧ್ಯದ ಬೆರಳು, ಉಂಗುರದ ಬೆರಳು ಜೋಡಿಸಿ ಎಳಿ. ಏಟಿಗೆ ಅಂಗೈ ಇದೆಯಲ್ಲ. ನಮ್ಮಪ್ಪನಿಗೆ ಗಣೀಲಿ ಎರಡು ಬೆರಳು ಹೋಗಿತ್ತು ಮ್ಯಾನ್. ಯಾರೂ ಡಾನ್ಸ್ ನಿಲ್ಲಿಸಲಿಲ್ಲ.”

ಎಳೆದೆ. ಸ್ವರ ಬಂತು, ಮಂಕಾದರೂ ಬಂತು. ಕಣ್ಣು ತುಂಬಿತು. ಅಕ್ಕ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಪ್ಲಾಸ್ಟರ್ ತೆಗೆದು ಬಹಳ ದಿನವಾಗಿತ್ತು. ನಾನು ಅಂಗೈ ಎತ್ತಿ ತಂತಿಗಳ ಮೇಲೆ ಬಲವಾಗಿ ಹೊಡೆದೆ. ಆ ಸದ್ದಿಗೆ ಅಕ್ಕನ ಎಡಗೈ ತಾನಾಗಿ ಮೇಲೆದ್ದು ಮುಖಕ್ಕೆ ಅಡ್ಡ ಬಂತು. ಅವರೆಕಾಳು ನೆಲದ ಮೇಲೆ ಚೆಲ್ಲಿತು.

“ನೊಣ,” ಎಂದಳು ಅಕ್ಕ, ಕೂದಲು ಸರಿಮಾಡಿಕೊಳ್ಳುತ್ತ. “ಯಾಕೆ ನಿಲ್ಲಿಸಿದೆ? ಬಾರಿಸೋ.”

ಮಾರನೆಯ ವಾರ ಅವಳು ಸೊಪ್ಪಿಗೆ ಹೋದಾಗ ಬೀರುವಿನ ಮೇಲಿದ್ದ ಅವಳ ಎಕ್ಸ್‌ರೇ ಕವರ್ ಇಳಿಸಿ, ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಕಳ್ಳತನವೆಂದು ಗೊತ್ತಿತ್ತು. ನನ್ನ ಚೆಕಪ್ಪಿಗೆ ಹೋದಾಗ ಮೂಳೆ ಡಾಕ್ಟರಿಗೆ ತೋರಿಸಿದೆ. ಜಾರಿ ಬಿದ್ದದ್ದಂತೆ ಸರ್, ಎಂದೆ.

“ಜಾರಿ ಬಿದ್ದವರು ಅಂಗೈ ಊರ್ತಾರೆ, ಮಣಿಕಟ್ಟಿನ ಹತ್ರ ಮುರಿಯುತ್ತೆ. ಇದು ಕಿರುಬೆರಳ ಕಡೆ ಮೂಳೆ, ಮಧ್ಯದಲ್ಲಿ ಮುರಿದಿದೆ. ಸಾಮಾನ್ಯವಾಗಿ ಏಟು ತಡೆಯೋಕೆ ಕೈ ಅಡ್ಡ ಹಿಡಿದವರಿಗೆ ಹೀಗಾಗುತ್ತೆ.” ಅವರು ನನ್ನತ್ತ ನೋಡಿದರು. “ಯಾರಿವರು?”

“ಅಕ್ಕ.”

ಅವರು ಫೋನನ್ನು ನನ್ನ ಕೈಗೆ ಮರಳಿಸಿದರು.

ಸಾಮಾನ್ಯವಾಗಿ ಎಂದರೆ ಯಾವಾಗಲೂ ಎಂದಲ್ಲ. ಬದುವಿನ ಕಲ್ಲಿಗೆ ಮುಂಗೈ ಬಡಿದರೂ ಹಾಗೆ ಮುರಿಯಬಹುದು. ಬಸ್ಸಿನುದ್ದಕ್ಕೂ ನಾನು ಆ ಕಲ್ಲನ್ನು ಹುಡುಕಿಕೊಂಡೇ ಬಂದೆ. ಹುತ್ತೂರಿನಲ್ಲಿ ಇಳಿದು ನೇರ ಅಡುಗೆಮನೆಗೆ ಹೋದೆ.

“ತಪ್ಪಾಯ್ತಕ್ಕ.”

“ಯಾತಕ್ಕೆ?”

ನಾನು ಅವಳ ಎಡಗೈ ನೋಡಿದೆ. ಅವಳು ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು.

“ಜೀವ ಉಳೀತಲ್ಲ, ಅಷ್ಟು ಸಾಕು. ಕೈ ತೊಳ್ಕೊಂಡು ಬಾ, ಮುದ್ದೆ ಆರುತ್ತೆ.”

ಅವಳು ತನ್ನ ಮಾತು ಬದಲಿಸಿಲ್ಲ. ಬದಲಿಸು ಎಂದು ನಾನೂ ಕೇಳುವುದಿಲ್ಲ. ಅವಳು ಕಟ್ಟಿಕೊಟ್ಟ ಆ ಬದುವಿನ ಮೇಲೆ ನಾನು ಬದುಕಿದ್ದೇನೆ, ಬೋಧಿಸುತ್ತಿದ್ದೇನೆ, ಎರಡು ಬೆರಳಿನಲ್ಲಿ ಬೇಸ್ ನುಡಿಸುತ್ತಿದ್ದೇನೆ. ಅಕ್ಕ ಹೊಸ್ತಿಲ ಮೇಲೆ ಕೂತಿದ್ದರೆ ಬರೀ ಎಳೆಯುತ್ತೇನೆ, ಹೊಡೆಯುವುದಿಲ್ಲ.

ತಪ್ಪಾಯ್ತು ಎಂದ ಆ ರಾತ್ರಿ ಕೋಲಾರದ ಮನೆಗೆ ಬಂದು ನನ್ನ ಡಿಸ್ಚಾರ್ಜ್ ಸಮ್ಮರಿಯನ್ನು ತೆಗೆದು, ಫೋನಿನ ಫೋಟೋದ ಪಕ್ಕದಲ್ಲಿಟ್ಟು ನೋಡಿದೆ. ಅಕ್ಕನ ಎಕ್ಸ್‌ರೇ ಮೇಲಿರುವ ತಾರೀಕು, ಅವಳು ಜಾರಿದೆನೆಂದ ‘ನಿನ್ನೆ’ಯದಲ್ಲ, ನನ್ನನ್ನು ಐಸಿಯುಗೆ ಸೇರಿಸಿದ ದಿನದ್ದು.