ಕಂಠಪಾಠದಲ್ಲಿ ಮೊದಲು ಬಂದ ಹುಡುಗಿ

ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದ್ದಾಗ ನಾನು ಶೃಂಗೇರಿ ತಾಲ್ಲೂಕಿನಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯಾಗಿದ್ದೆ. ಹೆಸರು ಉದ್ದ, ಕೆಲಸ ಇಷ್ಟೆ: ಬಸ್ಸಿನಲ್ಲಿ ಶಾಲೆಯಿಂದ ಶಾಲೆಗೆ ಓಡಾಡಿ, ಕಲಿಯಲು ಕಷ್ಟಪಡುವ ಮಕ್ಕಳನ್ನು ಗುರುತಿಸಿ ತಪಾಸಣೆಗೆ ಕಳಿಸುವುದು, ಅವರಿಗೆ ಹೊಂದುವಂತೆ ಪಾಠ ಮಾಡುವುದು. ಒಂದು ಮಗುವೂ ನನ್ನ ಕಣ್ತಪ್ಪಿ ಹೋಗುವುದಿಲ್ಲ ಎಂಬ ಜಂಬವಿತ್ತು. ಸುಳ್ಳೇಕೆ ಹೇಳಲಿ?

ಆ ವರ್ಷ ಪ್ರತಿಭಾ ಕಾರಂಜಿಯ ಕಂಠಪಾಠ ಸ್ಪರ್ಧೆಗೆ ನಾನೂ ತೀರ್ಪುಗಾರ್ತಿ. ಮೂರನೇ ತರಗತಿಯ ಚೈತ್ರಾ ಎಂಬ ಹುಡುಗಿ ಉದ್ದನೆಯ ಪದ್ಯವೊಂದನ್ನು ಒಂದಕ್ಷರ ತಪ್ಪದೆ ಹೇಳಿ ಮೊದಲ ಬಹುಮಾನ ಪಡೆದಳು. ನಮ್ಮ ಕಡೆ ಬಾಯಿಪಾಠ ಬರುವ ಮಗುವೆಂದರೆ ಜಾಣ ಮಗು, ಅದರ ಮೇಲೆ ಮಾತಿಲ್ಲ. ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ.

ಹದಿನೈದು ದಿನದ ಮೇಲೆ ಅವಳ ಶಾಲೆಗೆ ಹೋದರೆ, ತರಗತಿ ಶಿಕ್ಷಕಿ ಸವಿತಾ ತಪಾಸಣೆಯ ಪಟ್ಟಿಯಲ್ಲಿ ಅವಳ ಹೆಸರನ್ನೇ ಬರೆದಿದ್ದಳು.

"ಅಕ್ಷರ ಹಿಡಿಯೋದೇ ಇಲ್ಲ ಮೇಡಂ, ಒಂದ್ಸಲ ನೋಡಿ."

ನನಗೆ ನಗು ಬಂತು. "ಎಂತ ಮಾರಾಯ್ತಿ, ಅಷ್ಟುದ್ದ ಪದ್ಯ ಹೇಳಿದವಳಿಗೆ ಡಿಸ್ಲೆಕ್ಸಿಯಾನಾ? ಸೋಮಾರಿತನ ಅಷ್ಟೆ!"

ಆದರೂ ಪಠ್ಯಪುಸ್ತಕ ತೆರೆಸಿದೆ. ಚೈತ್ರಾ ಸಾಲಿನ ಮೇಲೆ ಬೆರಳಿಟ್ಟು ಪಾಠವನ್ನು ಗಡಗಡನೆ ಹೇಳಿದಳು. ಕಿವಿಯಿಂದ ಕಲಿತದ್ದನ್ನೇ ಒಪ್ಪಿಸುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಅವಳು ಎಂದೂ ಕೇಳಿರದ ಒಂದೇ ಒಂದು ಸಾಲನ್ನು ಮುಂದಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಪಟ್ಟಿಯಿಂದ ಹೆಸರು ಹೊಡೆದುಹಾಕಿದೆ. ಮಧ್ಯಾಹ್ನ ಅವಳ ಅಮ್ಮ ಶಾರದಾ ಬಂದಾಗಲೂ ಅದೇ ಸೋಮಾರಿತನದ ಮಾತು ಹೇಳಿ, "ಸ್ವಲ್ಪ ಬಿಗಿ ಮಾಡಿ" ಎಂದೂ ಸೇರಿಸಿದೆ.

ಎರಡು ವರ್ಷ ಕಳೆಯಿತು. ಐದನೇ ತರಗತಿಗೆ ಬಂದ ಚೈತ್ರಾ ಶಾಲೆಗೆ ಬರುವುದನ್ನೇ ನಿಲ್ಲಿಸಿದಳೆಂದು ಸವಿತಾ ಫೋನ್ ಮಾಡಿದಳು. ಮನೆಗೆ ಹೋಗಿ, ಈ ಸಲ ನಾನೇ ಬರೆದ ಮೂರು ಪದಗಳ ವಾಕ್ಯವನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು. ಒಂದು ಪದವೂ ಬರಲಿಲ್ಲ. ಆಸ್ಪತ್ರೆಯ ತಪಾಸಣೆಯಲ್ಲಿ ಡಿಸ್ಲೆಕ್ಸಿಯಾ ಎಂದೇ ಬಂತು: ಬುದ್ಧಿಗೆ ಕೊರತೆಯಿಲ್ಲ, ಅಕ್ಷರಕ್ಕೆ ಉಚ್ಚಾರ ಜೋಡಿಸುವುದಷ್ಟೇ ಕಷ್ಟ.

ಶಾರದಾ ಯಾತ್ರಿಕರ ಲಾಡ್ಜೊಂದರಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ವರದಿ ಹಿಡಿದು ಅಲ್ಲಿಗೇ ಹೋದೆ. ಹಿಂಡುತ್ತಿದ್ದ ಬೆಡ್‌ಶೀಟನ್ನು ಬಕೆಟ್ಟಿಗೆ ಬಿಟ್ಟು ಕೇಳಿಸಿಕೊಂಡಳು.

"ಹಂಗಾದ್ರೆ ಅವಳು ಸೋಮಾರಿ ಅಲ್ವಾ ಮೇಡಂ?"

"ಅಲ್ಲ ಶಾರದಾ. ತಪ್ಪು ನಂದು."

"ಕಲ್ತೋರು ಹೇಳಿದ್ರು ಅಂತ ನಂಬಿದೆ. ಎರಡು ವರ್ಷ ಹೊಡೆದೆ ನಾನು. ಓದು ಓದು ಅಂತ ದಿನಾ ಹೊಡೆದೆ." ಅಲ್ಲೇ ಕುಸಿದು ಕೂತು ಒದ್ದೆ ಕೈಯಲ್ಲೇ ಹಣೆ ಚಚ್ಚಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ.

ಆಮೇಲೆ ವಾರಕ್ಕೆರಡು ದಿನ ಚೈತ್ರಾಳಿಗೆ ನಾನೇ ಕಲಿಸಿದೆ. ಮರಳಿನ ಮೇಲೆ ಬೆರಳಿನಿಂದ ಬರೆಸಿ, ಬಾಯಲ್ಲಿ ಹೇಳಿಸಿ, ಒಂದೊಂದೇ ಅಕ್ಷರ. ವರ್ಷದ ಕೊನೆಗೆ ತಡವರಿಸಿಕೊಂಡು ಸಣ್ಣ ವಾಕ್ಯ ಓದುವಷ್ಟಾದಳು. ಆದರೆ ಪದ್ಯ ಹೇಳು ಎಂದರೆ ಮಾತ್ರ ತಲೆ ತಗ್ಗಿಸುತ್ತಿದ್ದಳು. "ನಂಗೆ ಎಂತದೂ ಬರಲ್ಲ ಟೀಚರ್, ನಾನು ದಡ್ಡಿ." ಎಷ್ಟು ಮುದ್ದು ಮಾಡಿದರೂ ಬಾಯಿ ಬಿಡಲಿಲ್ಲ. ಇದ್ದ ಒಂದು ಗೆಲುವನ್ನೂ ನಾವು ಅವಳಿಂದ ಕಸಿದುಕೊಂಡಿದ್ದೆವು.

ತಜ್ಞರೆಂದು ಕರೆಸಿಕೊಳ್ಳುವವರ ಮಾತು ಶಾಲೆಯಲ್ಲೇ ಉಳಿಯುವುದಿಲ್ಲ, ಮನೆಯವರೆಗೂ ಹೋಗುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಆ ಎರಡು ವರ್ಷ ಚೈತ್ರಾಳಿಗೆ ಬಿದ್ದ ಏಟುಗಳನ್ನು ಅವಳ ಅಮ್ಮ ಕೊಟ್ಟಳೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕೊಟ್ಟವಳು ನಾನು.